ಹಸಿರು ಬೆನ್ನಿನ ಕೋಳಿ

ಏಪ್ರಿಲ್ ೬

ಬುರುಲ್ ಇವತ್ತು ನನಗೆ ಕೋಳಿಗಳನ್ನು ಒಪ್ಪಿಸಿದಳು. "ಕೋಳಿಗೂಡಲ್ಲಿ ಮಾತಿನ ಕೆಲಸ ಇಲ್ಲ, ನಿನಗೆ ಸರಿಹೋಗುತ್ತೆ" ಎಂದಳು. ಆಸ್ಪತ್ರೆಯಿಂದ ಬಂದು ಒಂದು ಬಟ್ಟಲು ಚಹಾ ಕುಡಿದು ಮುಗಿಸಿಲ್ಲ, ಆಗಲೇ ನೌಕರಿ.

ಗಂಟಲಿನ ಗಂಟನ್ನು ತೆಗೆದಿದ್ದಾರೆ. ಕೆಟ್ಟ ಗಂಟಲ್ಲವಂತೆ. ಆದರೆ ಡಾಕ್ಟರು ಹೇಳಿದ್ದು ಕೇಳಿದ ಮೇಲೆ ಆ ಗಂಟೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ನಾನು ಹೇಳುವವರೆಗೆ ಒಂದು ಮಾತೂ ಆಡಬೇಡಿ, ಪಿಸುಗುಟ್ಟುವುದು ಇನ್ನೂ ಕೆಟ್ಟದ್ದು ಎಂದರು. ಯಾರಿಗೆ ಹೇಳುತ್ತಿದ್ದೇನೆಂದು ಆ ಡಾಕ್ಟರ್ ಹುಡುಗಿಗೆ ಗೊತ್ತಿರಲಿಲ್ಲ. ಸರೋವರದ ಈ ದಂಡೆಯಲ್ಲಿ ನಾನು, ಸಮಾರಂಭ ನಡೆಸಿಕೊಡುವ ತಮಾದಾ ಶೆರ್ಗಾಜಿ, ಮೈಕು ಹಿಡಿಯದೆ ಯಾವ ಮದುವೆ ನಡೆದಿದೆ? ಎಷ್ಟು ಬೀಗರನ್ನು ನಗಿಸಿದ್ದೇನೆ, ಎಷ್ಟು ಅತ್ತೆಯರನ್ನು ಕುಣಿಸಿದ್ದೇನೆ. ಮೈಕಿಲ್ಲದೆಯೇ ನನ್ನ ದನಿ ಡೇರೆಯಾಚೆ ಕಟ್ಟಿದ ಕುದುರೆಗಳವರೆಗೆ ಹೋಗುತ್ತಿತ್ತು.

ಪಕ್ಕದ ಮನೆಯ ರಾಯ್ಕಾನ್ ಆಪಾ ನೋಡಲು ಬಂದಾಗ ಬುರುಲ್, "ಮದುವೆಯಾದ ಮೇಲೆ ಮೊದಲ್ನೇ ಸಲ ಒಂದು ವಾಕ್ಯನ ಪೂರ್ತಿ ಮುಗಿಸ್ತಿದೀನಿ ಆಪಾ. ಎಷ್ಟು ಉದ್ದ ಇರುತ್ತೆ ಅಂತಾನೇ ಮರ್ತುಹೋಗಿತ್ತು" ಎಂದಳು. ಇಬ್ಬರೂ ಕಣ್ಣೀರು ಬರುವಷ್ಟು ನಕ್ಕರು. ನನ್ನ ಕೈಯಲ್ಲಿ ಒಂದು ಸ್ಲೇಟು ಕೊಟ್ಟಿದ್ದಾರೆ. ತಕ್ಕ ಉತ್ತರ ಬರೆದು ಎತ್ತಿ ಹಿಡಿಯುವಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿತ್ತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಯಾರೂ ನನಗಿಂತ ಮೊದಲು ಮಾತಾಡುವುದಿಲ್ಲ.

ಈ ತಿಂಗಳ ಮದುವೆಗಳೆಲ್ಲ ನುರ್ದೀನನ ಪಾಲಾಗಿವೆ. ನನ್ನ ಹಿಂದೆ ಮೈಕಿನ ತಂತಿ ಸುತ್ತಿಕೊಂಡು ಓಡಾಡುತ್ತಿದ್ದವ. ನಿನ್ನೆಯ ಮದುವೆಯಲ್ಲಿ ನನ್ನ ಒಂಟೆಯ ಜೋಕು ಹೇಳಿದನಂತೆ. ಕೊನೆಯಲ್ಲಿ ಒಂಟೆಯ ಬದಲು ಕತ್ತೆ ಎಂದನಂತೆ. ಮನಸ್ಸಿಗೆ ಸ್ವಲ್ಪ ಹಿತವಾಯಿತು.

ಏಪ್ರಿಲ್ ೮

ರಾಯ್ಕಾನ್ ಆಪಾಳ ನಾಯಿ ಗೋಡೆ ಹಾರಿ ಬಂತು. ನಾನು ಬಕೆಟ್ಟಿನಲ್ಲಿ ಹೊಟ್ಟು ಕಲಸುತ್ತಿದ್ದೆ. ಹಳೆಯ ದನಿಯಿದ್ದಿದ್ದರೆ ಒಂದೇ ಕೂಗಿಗೆ ಆ ನಾಯಿ ಬೆಟ್ಟ ಹತ್ತುತ್ತಿತ್ತು. ಬಕೆಟ್ಟನ್ನೇ ಎಸೆದೆ. ನಾಯಿ ಓಡಿತು, ಆದರೆ ಬಾಯಲ್ಲಿ ಬೂದು ಕೋಳಿಯ ಬಾಲವಿತ್ತು.

ಕೋಳಿ ಸತ್ತಿರಲಿಲ್ಲ. ಬಾಲವಿದ್ದ ಕಡೆ ಬೋಳು, ಬೆನ್ನ ಮೇಲೆ ಅಂಗೈಯಗಲ ಚರ್ಮ ಹರಿದಿತ್ತು. ಬುರುಲ್ ಬಂದು ನೋಡಿ, "ಪಾಪ, ಸಾರಿಗೆ ಆಗುತ್ತೆ" ಎಂದು ಚಾಕು ತರಲು ಹೋದಳು. ಬೇಡ ಎಂದು ಬರೆಯಲು ಸ್ಲೇಟು ಹುಡುಕಿದೆ. ಸ್ಲೇಟು ಸಿಕ್ಕಿತು, ಬಳಪ ಇಲ್ಲ. ಅಷ್ಟರಲ್ಲಿ ಚಾಕು ಮಸೆಯುವ ಸದ್ದು. ಕೊನೆಗೆ ಕೋಳಿಯನ್ನು ಕೋಟಿನೊಳಗೆ ತುರುಕಿ ಗುಂಡಿ ಹಾಕಿಕೊಂಡು ನಿಂತೆ.

ಬುರುಲ್ ನನ್ನ ಎದೆಯನ್ನೇ ನೋಡಿದಳು. ಕೋಟಿನ ಕಾಲರಿನಿಂದ ಒಂದು ಕೊಕ್ಕು ಹೊರಗಿತ್ತು.

"ಮುದುಕಾ, ನೀನು ಮೂಕನಾಗಿದ್ದೀಯ ಸರಿ, ಹುಚ್ಚನೂ ಆಗಿದ್ದೀಯ ಅಂತ ಡಾಕ್ಟರು ಹೇಳಿರಲಿಲ್ಲವಲ್ಲ."

ಆ ಕೋಳಿಯ ಮೇಲೆ ನನಗೇನೂ ಪ್ರೀತಿ ಇರಲಿಲ್ಲ. ಅದು ಕೊಕ್ಕು ತೆರೆದು ಮುಚ್ಚಿ ಮಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು.

ಉಪ್ಪುನೀರಲ್ಲಿ ತೊಳೆದು, ಗಾಯಕ್ಕೆ ಹಚ್ಚುವ ಹಸಿರು ಔಷಧಿಯನ್ನು ಬೆನ್ನಿಗೆಲ್ಲ ಬಳಿದೆವು. ನನ್ನ ಬೆರಳೂ ಹಸಿರು, ಅಂಗಿಯೂ ಹಸಿರು, ಬುರುಲಳ ಮೂಗಿನ ತುದಿಯೂ ಹಸಿರು. ಜಗಲಿಯಲ್ಲಿ ಪೆಟ್ಟಿಗೆಯೊಳಗೆ ಹುಲ್ಲು ಹಾಸಿ ಇಟ್ಟಿದ್ದೇನೆ. ಬುರುಲ್ ಅದಕ್ಕೆ ಮೋಟಿ ಎಂದು ಹೆಸರಿಟ್ಟಳು. ಹೆಸರಿಟ್ಟ ಮೇಲೆ ಇನ್ನು ಸಾರು ಮಾಡಲಾರಳು, ಗೊತ್ತು.

ಏಪ್ರಿಲ್ ೧೫

ಗಾಯ ಒಣಗಿದೆ. ಮೋಟಿ ಪೆಟ್ಟಿಗೆಯಿಂದ ಹಾರಿ ಬಂದು ನನ್ನ ತಟ್ಟೆಗೆ ಕೊಕ್ಕು ಹಾಕುವಷ್ಟಾಗಿದೆ. ಬೆಳಿಗ್ಗೆ ಅದನ್ನು ಅಂಗಳಕ್ಕೆ ಒಯ್ದು ತನ್ನವರ ನಡುವೆ ಇಳಿಸಿದೆ. ನಾನು ಆಸ್ಪತ್ರೆಯಿಂದ ಬಂದಾಗ ಊರಿನವರು ರೊಟ್ಟಿ ಬೆಣ್ಣೆ ಹಿಡಿದು ಬಂದಿದ್ದರಲ್ಲ, ಹಾಗೇ ಏನೋ ಆಗುತ್ತದೆ ಎಂದುಕೊಂಡಿದ್ದೆ.

ಮೊದಲು ಬಂದವಳು ಖಾನ್ಶಾ. ಕೆಂಪು ಕೋಳಿ, ಗೂಡಿನ ಒಡತಿ, ಹುಂಜ ಕೂಡ ಅವಳಿಗೆ ದಾರಿ ಬಿಡುತ್ತದೆ. ಕತ್ತು ಚಾಚಿ ಮೋಟಿಯ ತಲೆಗೆ ಒಂದು ಕುಕ್ಕಿದಳು. ಆಮೇಲೆ ಎಲ್ಲವೂ ಮೇಲೆ ಬಿದ್ದವು. ಹೋದ ವಾರದವರೆಗೆ ಅದರ ಪಕ್ಕದಲ್ಲೇ ಮಲಗುತ್ತಿದ್ದವೂ ಬಂದವು. ಎಲ್ಲಕ್ಕಿಂತ ಹುರುಪಿನಿಂದ ಕುಕ್ಕಿದ್ದು ಕುಂಟಿ, ಅಂದರೆ ಮೊನ್ನೆಯವರೆಗೆ ಎಲ್ಲರ ಕೈಲಿ ಕುಕ್ಕಿಸಿಕೊಂಡು ಕಟ್ಟಕಡೆಗೆ ತಿನ್ನುತ್ತಿದ್ದ ಬಡಪಾಯಿ. ಬಕೆಟ್ಟು ಬಡಿದೆ, ಪೊರಕೆ ಬೀಸಿದೆ. ಎತ್ತಿಕೊಳ್ಳುವಷ್ಟರಲ್ಲಿ ಹೊಸ ಚರ್ಮ ಕಿತ್ತು ರಕ್ತ ಬರುತ್ತಿತ್ತು.

ಗೋಡೆಯಾಚೆಯಿಂದ ರಾಯ್ಕಾನ್ ಆಪಾ ನೋಡುತ್ತಿದ್ದಳು. ನಾಯಿಯ ವಿಷಯಕ್ಕೆ ಅವಳಿಗೆ ಇನ್ನೂ ಮುಜುಗರ.

"ಕಾಯಿಲೆಯಿಂದ ಎದ್ದು ಬಂದೋಳು ಅಂತ ಅವಕ್ಕೆ ಗೊತ್ತಾಗಲ್ಲ ಕಣೋ. ಜಾಗ ಖಾಲಿಯಾಗಿತ್ತು, ಹಂಚಿಕೊಂಡಾಯ್ತು. ಈಗ ಬಂದು ನನ್ನ ಜಾಗ ಎಲ್ಲಿ ಅಂದ್ರೆ ಯಾರು ಕೊಡ್ತಾರೆ? ಮೆಣಸಿನಪುಡಿ ಸವರು. ಒಂದ್ಸಲ ಬಾಯಿ ಉರಿದ್ರೆ ಮತ್ತೆ ಹತ್ರ ಬರಲ್ಲ."

ಏಪ್ರಿಲ್ ೧೬

ಕೋಳಿಗಳಿಗೆ ಮೆಣಸಿನ ಖಾರ ಹತ್ತುವುದೇ ಇಲ್ಲ. ಮೋಟಿಯ ಬೆನ್ನನ್ನು ಕಬಾಬಿನಂತೆ ಸವಿದವು. ಖಾರ ಹತ್ತಿದ್ದು ನನ್ನ ಕಣ್ಣಿಗೆ.

ಏಪ್ರಿಲ್ ೨೦

ಅಟ್ಟದಿಂದ ಅತ್ತೆಯ ಕಾಲದ ಕಬ್ಬಿಣದ ಮಂಚವನ್ನು ಇಳಿಸಿ, ಅದರ ತಂತಿಯ ಜಾಲರಿಯನ್ನು ಬಿಚ್ಚಿ, ಅಂಗಳದ ಮೂಲೆಗೆ ಅಡ್ಡ ನಿಲ್ಲಿಸಿದೆ. ಒಳಗೆ ಮೋಟಿ, ಹೊರಗೆ ಉಳಿದವರು. ನೋಡಬಹುದು, ಕುಕ್ಕುವಂತಿಲ್ಲ. ಜಾಲರಿಯ ಎರಡೂ ಬದಿಗೆ ಕಾಳಿನ ಬೋಗುಣಿ ಇಟ್ಟೆ, ಒಟ್ಟಿಗೆ ಉಂಡ ಹಾಗೆಯೇ ಆಗಲಿ ಎಂದು. ಬೆನ್ನಿಗೆ ಮತ್ತೆ ಹಸಿರು ಬಳಿದೆ. ಕೆಂಪು ಕಂಡರೆ ಅವುಗಳಿಗೆ ಕೊಕ್ಕು ತಡೆಯುವುದಿಲ್ಲ, ಹಸಿರಾದರೆ ಸೊಪ್ಪೇನೋ ಎಂದು ಒಮ್ಮೆ ಕುಕ್ಕಿ ಸುಮ್ಮನಾಗುತ್ತವೆ.

ದಿನವೆಲ್ಲ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಿದ್ದೆ. ಖಾನ್ಶಾ ಜಾಲರಿಯ ಗುಂಟ ಅತ್ತಿಂದಿತ್ತ ಪಹರೆ ಹಾಕುತ್ತಾಳೆ. ಅವಳು ನೀರಿಗೆ ಹೋದಾಗ ಉಳಿದವು ಮೋಟಿಯ ಕಡೆ ತಿರುಗಿಯೂ ನೋಡುವುದಿಲ್ಲ. ಅವಳು ಬಂದ ಕೂಡಲೇ ಎಲ್ಲಕ್ಕೂ ಸಿಟ್ಟು ಬರುತ್ತದೆ. ಮದುವೆಮನೆಗಳಲ್ಲಿ ಇಂಥದ್ದನ್ನು ನೋಡಿಯೇ ಇರಬೇಕು. ಆದರೆ ಆಗ ನಾನು ಮಾತಾಡುತ್ತಿದ್ದೆ.

ಮಧ್ಯಾಹ್ನ ನುರ್ದೀನ್ ಬಂದ. ಅವನ ತಾಯಿ ಪದರು ಪದರಾದ ಕತ್ತಮಾ ರೊಟ್ಟಿ ಕಳಿಸಿದ್ದಳು. ಇನ್ನೊಂದು ಬಕೆಟ್ಟು ಎಳೆದುಕೊಂಡು ಕೂತ. ಊರಿನ ಕಿರಿಯರಿಗೆಲ್ಲ ನಾನು ಬಾಯ್ಕೆ, ಅಂದರೆ ದೊಡ್ಡಣ್ಣ.

"ಬಾಯ್ಕೆ, ಬೀಗರು ಎದ್ದು ಹೊರಡೋ ಹೊತ್ತಲ್ಲಿ ನೀವು ಒಂದು ಮಾತು ಹೇಳ್ತಿದ್ರಲ್ಲ, ಹೊಸ್ತಿಲು ಬಗ್ಗೆ. ಎಲ್ರೂ ಅಳ್ತಿದ್ರು. ಅದು ಹೇಗೆ ಶುರುವಾಗುತ್ತೆ?"

ಸ್ಲೇಟಿನ ಮೇಲೆ 'ಮರೆತಿದ್ದೇನೆ' ಎಂದು ಬರೆದೆ. ಅವನು ಅದನ್ನು ನಿಧಾನವಾಗಿ ಓದಿ, ತಲೆಯಾಡಿಸಿ, ಟೋಪಿ ಹಾಕಿಕೊಂಡು ಹೋದ. ಬುರುಲ್ ಸ್ಲೇಟನ್ನು ಒರೆಸುತ್ತ, "ಹೋದ ವಾರ ನಿದ್ದೇಲಿ ತುಟಿ ಅಲ್ಲಾಡಿಸ್ತಿದ್ದೆ, ಅದೇ ಹೊಸ್ತಿಲಿಂದು. ಈಗ ಮರ್ತುಹೋಯ್ತಾ?" ಎಂದಳು. ರೊಟ್ಟಿ ಚೆನ್ನಾಗಿತ್ತು. ನಾನು ಒಂದೇ ತಿಂದೆ.

ಏಪ್ರಿಲ್ ೨೭

ಇವತ್ತಿನಿಂದ ಸ್ವಲ್ಪ ಸ್ವಲ್ಪ ಮಾತಾಡಬಹುದು ಎಂದರು ಡಾಕ್ಟರು. ಮನೆಗೆ ಬಂದು ಬಾಗಿಲು ಹಾಕಿ, ಬುರುಲಳ ಎದುರು ನಿಂತು ಅವಳ ಹೆಸರು ಹಿಡಿದು ಕರೆದೆ.

ಹಳೆಯ ಟ್ರ್ಯಾಕ್ಟರು ಚಳಿಯಲ್ಲಿ ಒದ್ದಾಡಿದ ಹಾಗೆ ಒಂದು ಸದ್ದು ಬಂತು. ಗಾಳಿ ಹೆಚ್ಚು, ದನಿ ಕಡಿಮೆ. ಬುರುಲ್ ನಗಲಿಲ್ಲ. ಎಲ್ಲದಕ್ಕೂ ನಗುವವಳು ನಗಲಿಲ್ಲ ಎಂದಾಗ ಎಷ್ಟು ಕೆಟ್ಟದಾಗಿತ್ತು ಎಂದು ತಿಳಿಯಿತು. "ಡಾಕ್ಟರು ಇನ್ನೂ ಏರುತ್ತೆ ಅಂದ್ರಾ?" ಎಂದಳು. ಇಷ್ಟೇ ಇರಬಹುದು ಅಂದರು ಎಂದು ಬರೆದು ತೋರಿಸಿದೆ.

ಈ ದನಿಯಲ್ಲಿ ಜನರ ಎದುರು ಒಂದು ಮಾತನ್ನೂ ಆಡುವುದಿಲ್ಲ.

ಅಭ್ಯಾಸಕ್ಕಿರಲಿ ಎಂದು ಸಂಜೆ ಮೋಟಿಯ ಜೊತೆ ನಾಲ್ಕು ಮಾತಾಡಿದೆ. ತಲೆ ವಾರೆ ಮಾಡಿ ಕೇಳಿತು. ದನಿ ಬದಲಾದದ್ದು ಅದಕ್ಕೆ ಗೊತ್ತಿಲ್ಲ, ಹಳೆಯದರಲ್ಲಿ ನಾನು ಅದರ ಜೊತೆ ಮಾತಾಡಿಯೇ ಇಲ್ಲ.

ಮೇ ೪

ಜಾಲರಿ ತೆಗೆದೆ. ಅದಕ್ಕೂ ಮೊದಲು ಅಂಗಳದ ನಡುವೆ ಮುರಿದ ಹಿಮಗಾಡಿ, ಒಣ ಕೊಂಬೆಗಳ ರಾಶಿ, ಒಂದು ಡ್ರಮ್ಮು ಎಲ್ಲ ಇಟ್ಟೆ, ಓಡಿ ಮರೆಯಾಗಲು ಜಾಗವಿರಲಿ ಎಂದು. ಕಂಬಕ್ಕೆ ದಾರ ಕಟ್ಟಿ ಒಂದು ಕೋಸನ್ನು ತೂಗುಹಾಕಿದೆ. ಹಾರಿ ಹಾರಿ ಕುಕ್ಕಲು ಬೇರೆ ಏನಾದರೂ ಇದ್ದರೆ ಒಬ್ಬರ ಬೆನ್ನು ಉಳಿಯುತ್ತದೆ. ಕಾಳನ್ನೂ ಅಲ್ಲಲ್ಲಿ ಚೆಲ್ಲಿದೆ.

ಕೋಸು ಗೆದ್ದಿತು. ಎಲ್ಲವೂ ಅದಕ್ಕೆ ಮುತ್ತಿದವು. ಮೋಟಿ ಹಿಮಗಾಡಿಯ ಹಿಂದೆ ನಿಂತು ಕಾಳು ತಿಂದಿತು. ಕುಂಟಿ ಒಮ್ಮೆ ಹತ್ತಿರ ಹೋಗಿ, ಒಮ್ಮೆ ಕುಕ್ಕಿ, ಆಮೇಲೆ ಅದೇ ಬದಿಯಲ್ಲಿ ತಾನೂ ತಿನ್ನತೊಡಗಿತು. ಆದರೆ ಖಾನ್ಶಾಳಿಗೆ ಕೋಸು ಬೇಡ, ಕಾಳು ಬೇಡ. ಅಂಗಳದ ಆ ತುದಿಯಿಂದ ಈ ತುದಿಗೆ ಮೋಟಿಯನ್ನು ಹುಡುಕಿಕೊಂಡು ಓಡುತ್ತಾಳೆ.

ಇಷ್ಟು ದಿನ ಪೆಟ್ಟು ತಿಂದವಳನ್ನೇ ಒಳಗೆ ಕೂಡಿಹಾಕುತ್ತಿದ್ದೆನಲ್ಲ, ಹೊಡೆಯುವವಳನ್ನೇ ಯಾಕೆ ಹಾಕಬಾರದು ಎಂದು ಹೊಳೆಯಿತು. ಖಾನ್ಶಾಳನ್ನು ಕಂಕುಳಲ್ಲಿ ಅವಚಿ, ಮನೆ ಹಿಂದಿನ ಕುರಿದೊಡ್ಡಿಗೆ ಒಯ್ದು ಬಿಟ್ಟೆ. ಅಲ್ಲಿಂದ ಗೂಡು ಕಾಣುವುದಿಲ್ಲ.

"ಇದೇನು ಕೋರ್ಟಾ?" ಎಂದಳು ಬುರುಲ್. "ಎಷ್ಟು ದಿನ ಶಿಕ್ಷೆ?"

"ಜಂಬ ಇಳಿಯೋವರೆಗೆ" ಎಂದೆ.

"ಹಾಗಾದ್ರೆ ನಿನ್ನನ್ನೂ ಅಲ್ಲೇ ಬಿಡಬೇಕಿತ್ತು, ಮದುವೆಯಾದ ವರ್ಷವೇ."

ಮೇ ೮

ಅಂಗಳದಲ್ಲಿ ಶಾಂತಿ. ಮೋಟಿ, ಕುಂಟಿ ಮತ್ತು ಎರಡು ಕಂದು ಕೋಳಿಗಳು ಏಪ್ರಿಕಾಟ್ ಮರದ ಬುಡದಲ್ಲಿ ಒಂದೇ ಗುಂಡಿಯಲ್ಲಿ ಮಣ್ಣಿನ ಸ್ನಾನ ಮಾಡಿದವು. ಹೂವಿನ ಪಕಳೆಗಳು ಮೈಮೇಲೆ ಬಿದ್ದು ನಾಲ್ಕೂ ಮದುಮಗಳಂತೆ ಕಾಣುತ್ತಿದ್ದವು.

ಬಹಳ ಹೊತ್ತು ರಾಯ್ಕಾನ್ ಆಪಾಳ ಜೊತೆ ಗೋಡೆಯ ಬಳಿ ನಿಂತಿದ್ದೆ. ನಾಯಿಯನ್ನು ಬೆಟ್ಟದ ಕುರುಬರಿಗೆ ಕೊಡುವ ಯೋಚನೆಯಂತೆ, ಬೇಡವೆಂದೆ. ಆಪಾ ಗೋಡೆಗೆ ಕಿವಿ ಹಚ್ಚಿದಂತೆ ಬಾಗಿ ನಿಂತಿದ್ದಳು. ಮಾತಿಗೆ ಮಾತು ಬಂದು, ತನ್ನ ಗಂಡ ಕುದುರೆಯಿಂದ ಬಿದ್ದು ಸತ್ತ ದಿನ ಬೆಳಿಗ್ಗೆ ಇಬ್ಬರೂ ಜಗಳವಾಡಿದ್ದರು, ಒಂದು ಟೀ ಕೆಟಲಿನ ವಿಷಯಕ್ಕೆ, ಎಂದಳು. ಇಷ್ಟು ವರ್ಷ ಪಕ್ಕದಲ್ಲೇ ಇದ್ದೇವೆ, ನನಗೆ ಗೊತ್ತೇ ಇರಲಿಲ್ಲ. ಯಾಕೆ ಯಾವತ್ತೂ ಹೇಳಲಿಲ್ಲವೋ.

ಮೇ ೧೨

ಅಂಗಡಿಗೆ ಯೀಸ್ಟ್ ತರಲು ಹೋಗಿದ್ದೆ. ಬಾಗಿಲಲ್ಲಿ ನಿಂತ ಗಂಡಸರೆಲ್ಲ ಒಂದು ಫೋನಿನ ಮೇಲೆ ಬಗ್ಗಿ ನಗುತ್ತಿದ್ದರು. ನುರ್ದೀನನ ವಿಡಿಯೋ. ತೊಸೋರ್ ಹಳ್ಳಿಯ ಮದುವೆಯಲ್ಲಿ ವರನ ತಾತ ಬೆಕ್ತೆನ್‌ಗೆ ನೂರು ವರ್ಷ ಆಯುಷ್ಯ ಕೋರಿ, ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ್ದಾನೆ. ಬೆಕ್ತೆನ್ ತಾತ ಹೋದ ಶರತ್ಕಾಲದಲ್ಲೇ ತೀರಿಕೊಂಡಿದ್ದಾರೆ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಬಿಳಿ ತಲೆವಸ್ತ್ರ ಕಟ್ಟಿಕೊಂಡು ಕೂತಿದ್ದಾರೆ. ನುರ್ದೀನ್ ಅವರ ಕಡೆಗೇ ಕೈ ತೋರಿಸಿ, "ತಾತನನ್ನು ಎಲ್ಲಿ ಅಡಗಿಸಿಟ್ಟಿದ್ದೀರಿ, ಕರೀರಿ" ಅನ್ನುತ್ತಾನೆ.

"ಶೆರ್ಗಾಜಿ ಬಾಯ್ಕೆ ಬಂದ್ರು. ಬಾಯ್ಕೆ, ನೀವೊಂದ್ಸಲ ಅವನ ಹಾಗೆ ಮಾಡಿ ತೋರ್ಸಿ."

ಒಬ್ಬ ಆಗಲೇ ನುರ್ದೀನನ ನಡಿಗೆ ನಡೆಯುತ್ತಿದ್ದ. ಅವನ ಪಕ್ಕದವ, ಅಂದರೆ ಹೋದ ತಿಂಗಳಷ್ಟೇ ಇದೇ ನುರ್ದೀನನಿಂದ ಮಗಳ ಮದುವೆ ಮಾಡಿಸಿಕೊಂಡವ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೇಳಿ ಮನೆಗೆ ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ. ಗಂಟಲಿಗೆ ಆಯಾಸವಾಗಿತ್ತು ಅನಿಸುತ್ತದೆ. ಯೀಸ್ಟ್ ತರಲು ಮರೆತಿದ್ದಕ್ಕೆ ಬುರುಲ್ ಬೈದಳು.

ಮೇ ೧೫

ಖಾನ್ಶಾಳ ಶಿಕ್ಷೆ ಮುಗಿಸಿ ಅಂಗಳಕ್ಕೆ ಬಿಟ್ಟೆ. ಜಂಬದಿಂದಲೇ ನಡೆದು ಬಂದಳು. ಕಂದು ಕೋಳಿ ಅವಳ ಮುಂದೆ ನಿಂತು ಕತ್ತಿನ ಗರಿ ಕೆದರಿತು. ಖಾನ್ಶಾ ನಿಂತಳು. ಅಷ್ಟೇ ಸಾಕಾಯಿತು. ಎಲ್ಲವೂ ಅವಳ ಮೇಲೆ ಬಿದ್ದವು. ಮೋಟಿಯೂ ಓಡಿ ಹೋಗಿ ಒಂದು ಕುಕ್ಕಿ ಬಂತು.

"ನೀನೂನಾ?" ಎಂದು ಕೇಳಿದೆ. ಮೋಟಿ ನನ್ನ ಮುಖ ನೋಡಿ, ಕಾಲಿನಿಂದ ಕೊಕ್ಕು ಉಜ್ಜಿಕೊಂಡಿತು.

ಮತ್ತೆ ಜಾಲರಿ ನಿಲ್ಲಿಸಿದೆ, ಈ ಸಲ ಖಾನ್ಶಾಳಿಗೆ. ಮೂಲೆಯಲ್ಲಿ ಮುದುಡಿ ಕೂತಿದ್ದಾಳೆ. ಜುಟ್ಟಿನ ಮೇಲೆ ರಕ್ತ. ಅವಳಿಗೂ ಹಸಿರು ಹಚ್ಚಿದೆ. "ನಿನ್ನ ಕೆಲಸ ಈ ಜನ್ಮಕ್ಕೆ ಮುಗಿಯಲ್ಲ" ಎಂದಳು ಬುರುಲ್. ಔಷಧಿಯ ಬಾಟಲು ಹಿಡಿದವಳು ಅವಳೇ.

ನುರ್ದೀನ್ ಒಪ್ಪಿಕೊಂಡ ಮದುವೆಗಳನ್ನೆಲ್ಲ ಬಿಟ್ಟುಬಿಟ್ಟಿದ್ದಾನಂತೆ.

ಮೇ ೧೭

ಬೆಳಿಗ್ಗೆ ನುರ್ದೀನನ ಮನೆಗೆ ಹೋದೆ. ಅವನ ತಾಯಿ ಕುದುರೆಲಾಯದ ಕಡೆ ಕೈ ತೋರಿಸಿದಳು. ಅವನು ಈಗಾಗಲೇ ಹೊಳೆಯುತ್ತಿದ್ದ ಕುದುರೆಯನ್ನು ಉಜ್ಜುತ್ತಿದ್ದ. ನಾನು ಬಂದದ್ದು ಗೊತ್ತಾಗಿಯೂ ತಿರುಗಲಿಲ್ಲ.

"ನಗೋಕೆ ಬಂದ್ರಾ ಬಾಯ್ಕೆ? ನಗಿ. ನಿಮಗೆ ಹಕ್ಕಿದೆ."

"ಟೋಪಿ ಹಾಕ್ಕೋ. ತೊಸೋರಿಗೆ ಹೋಗೋಣ."

"ಯಾತಕ್ಕೆ?"

"ಆ ಅಜ್ಜಿ ಮನೇಲಿ ಕೂತು, ತಾತನ ಹೆಸರಲ್ಲಿ ಪ್ರಾರ್ಥನೆ ಓದಿಸಿ, ತಪ್ಪಾಯ್ತು ಅಂತ ಹೇಳಿ ಬರೋಣ. ಬೈದ್ರೆ ಬೈಸ್ಕೊಳ್ಳೋಣ."

"ಬೈಸ್ಕೊಳ್ಳೋಣ ಅಂದ್ರೆ? ನೀವ್ಯಾಕೆ?"

"ತಂತಿ ಸುತ್ತೋದು ಕಲಿಸಿದೆ, ಮದುವೆಗೆ ಮೊದಲು ಮನೆಯವರ ಹತ್ರ ಕೂತು ಯಾರಿದಾರೆ ಯಾರಿಲ್ಲ ಕೇಳಬೇಕು ಅಂತ ಕಲಿಸ್ಲಿಲ್ಲವಲ್ಲ. ನಡಿ."

ದಾರಿಯಲ್ಲಿ ಅವನು ಕಾರನ್ನು ಎಷ್ಟು ನಿಧಾನ ಓಡಿಸಿದನೆಂದರೆ ಒಂದು ಹಸು ನಮ್ಮನ್ನು ಹಿಂದೆ ಹಾಕಿತು.

ಬಾತ್ಮಾ ಅಜ್ಜಿ ಅಂಗಳದಲ್ಲಿ ಉಣ್ಣೆ ಬಡಿಯುತ್ತಿದ್ದರು. ನುರ್ದೀನ್ ಅವರ ಮುಂದೆ ನಿಂತು, ಮೈಕು ಹಿಡಿದರೆ ನಿಲ್ಲದವನು, ತುಟಿ ಎರಡು ಮಾಡಲಾರದೆ ಟೋಪಿಯನ್ನು ತಿರುಗಿಸುತ್ತಿದ್ದ. ಅಜ್ಜಿ ಕೋಲು ಕೆಳಗಿಟ್ಟರು.

"ನೀನೇ ಅಲ್ವಾ, ನನ್ನ ಮುದುಕನಿಗೆ ಚಪ್ಪಾಳೆ ತಟ್ಟಿಸಿದೋನು?"

"ಹೌದು ಅಜ್ಜಿ. ತಪ್ಪಾಯ್ತು. ನನಗೆ ಗೊತ್ತಿರಲಿಲ್ಲ."

"ಕೂತ್ಕೊ." ಅಜ್ಜಿ ಇಬ್ಬರಿಗೂ ಚಹಾ ಸುರಿದರು. "ಬದುಕಿದ್ದಾಗ ಅವರಿಗೆ ಯಾರೂ ಎದ್ದು ನಿಂತು ಆಯುಷ್ಯ ಕೋರಿರಲಿಲ್ಲ. ಕುರಿ ಕಾಯೋನಿಗೆ ಯಾರು ಕೋರ್ತಾರೆ? ಯಾವಾಗ್ಲೂ ಕಡೇ ಮೇಜು. ಅವತ್ತು ಇಡೀ ಡೇರೆ ಎದ್ದು ನಿಂತಿತು ನೋಡು. ಸೊಸೆಯರೆಲ್ಲ ನಾಚಿಕೆಯಿಂದ ಸತ್ತುಹೋದ್ರು. ನಾನು ಮುಖ ಮುಚ್ಕೊಂಡೆ. ಅಳ್ತಿದ್ದೀನಿ ಅಂದ್ಕೊಂಡ್ರು." ಅಜ್ಜಿ ಸುತ್ತ ನೋಡಿ ದನಿ ಇಳಿಸಿದರು. "ನಗ್ತಿದ್ದೆ. ಅವರಿದ್ದಿದ್ರೆ ಅನ್ನೋರು, ಇನ್ನೊಂದ್ಸಲ ತಟ್ಸು ಅಂತ."

ನುರ್ದೀನ್ ಚಹಾದ ಬಟ್ಟಲಿನೊಳಗೆ ನೋಡುತ್ತ ಕೂತಿದ್ದ. ಅವನ ಭುಜ ಅಲುಗುತ್ತಿತ್ತು. ಅಳುವೋ ನಗುವೋ ನಾನು ಬಗ್ಗಿ ನೋಡಲಿಲ್ಲ.

ಪ್ರಾರ್ಥನೆ ಓದಿದೆವು. ಏಳುವಾಗ ಅಜ್ಜಿ, ಮುಂದಿನ ತಿಂಗಳು ಮರಿಮಗನನ್ನು ತೊಟ್ಟಿಲಿಗೆ ಹಾಕುತ್ತೇವೆ, ಇಬ್ಬರೂ ಬಂದು ನಡೆಸಿಕೊಡಿ ಎಂದರು. ನಾನಿನ್ನು ಆ ಕೆಲಸಕ್ಕೆ ಬರುವವನಲ್ಲ, ನನ್ನ ದನಿ ಹೋಗಿದೆ ಎಂದೆ.

"ಇಷ್ಟು ಹೊತ್ತು ಯಾರು ಮಾತಾಡಿದ್ದು ಮತ್ತೆ?" ಎಂದು ಕೇಳಿದರು ಅಜ್ಜಿ.

ವಾಪಸು ಬರುವಾಗ ನುರ್ದೀನನಿಗೆ ಹೊಸ್ತಿಲಿನ ಮಾತು ಹೇಗೆ ಶುರುವಾಗುತ್ತದೆಂದು ಹೇಳಿದೆ.

ಮೇ ೨೨

ಖಾನ್ಶಾ ಹೊರಗೆ ಬಂದಿದ್ದಾಳೆ. ಈಗ ಒಡತಿ ಯಾರೆಂದು ಗೊತ್ತಾಗುತ್ತಿಲ್ಲ, ಬಹುಶಃ ಕಂದು ಕೋಳಿ. ಖಾನ್ಶಾಳದು ನಡುವಿನ ಜಾಗ. ಕೆಳಗೆ ಕೊನೆಯಲ್ಲಿ ಕುಂಟಿ, ಎಂದಿನಂತೆ. ಕುಂಟಿಗೆ ಬೇರೆ ಬೋಗುಣಿ ಇಟ್ಟೆ.

ಜೂನ್ ೨

ತೊಟ್ಟಿಲ ಹಬ್ಬ ಮುಗಿಸಿ ಈಗ ಬಂದೆವು. ಬೆಟ್ಟದಿಂದ ಬಂದ ಮೊದಲ ಕುಮಿಸ್ ಇತ್ತು, ಹುಳಿ ಬರಿಸಿದ ಕುದುರೆಹಾಲು, ಸ್ವಲ್ಪ ಹೆಚ್ಚೇ ಕುಡಿದೆ, ಅಕ್ಷರ ವಾಲಿದರೆ ಅದಕ್ಕೆ.

ನುರ್ದೀನ್ ನಡೆಸಿದ. ನಾನು ಪಕ್ಕದಲ್ಲಿ ನಿಂತು ಬಂದವರ ಹೆಸರು ಅವನ ಕಿವಿಯಲ್ಲಿ ಹೇಳುತ್ತಿದ್ದೆ. ಶುರುವಿನಲ್ಲಿ ಒಂದೊಂದು ಹೆಸರನ್ನೂ ಎರಡೆರಡು ಸಲ ಕೇಳಿದ. ಎಲ್ಲ ಸರಿಯಾಗಿಯೇ ಹೋಗುತ್ತಿರುವಾಗ ಹಿಂದಿನ ಮೇಜಿನಿಂದ ಒಬ್ಬ ದಪ್ಪ ಮೀಸೆಯವ ಕೂಗಿದ.

"ಏ ತಮಾದಾ, ಇವತ್ತು ಯಾವ ಸತ್ತೋನಿಗೆ ಆಯುಷ್ಯ?"

ಒಬ್ಬ ನಕ್ಕ. ಇನ್ನೊಬ್ಬ ನಕ್ಕ. ಇಡೀ ಡೇರೆ ನಗಲು ಬಾಯಿ ತೆರೆಯುತ್ತಿದ್ದುದನ್ನು ನೋಡಿದೆ. ನುರ್ದೀನ್ ಮೈಕನ್ನು ಕೆಳಗಿಳಿಸಿದ. ಅವನ ಕೈಯಿಂದ ಮೈಕು ತೆಗೆದುಕೊಂಡೆ.

ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಮೆಲ್ಲಗೇ ಶುರುಮಾಡಿದೆ, ಇನ್ನು ಹೇಗೂ ಅದಕ್ಕಿಂತ ಏರುವುದಿಲ್ಲ. ಕೇಳಿಸದೆ ಮುಂದಿನವರು ಹಿಂದಿನವರಿಗೆ ಸುಮ್ಮನಿರಿ ಎಂದರು, ಹಿಂದಿನವರು ಒಲೆಯ ಬಳಿಯವರಿಗೆ. ಚಮಚದ ಸದ್ದೂ ನಿಂತಿತು. ಬೆಕ್ತೆನ್ ತಾತ ಕಾದ ಕುರಿಗಳ ಉಣ್ಣೆಯ ಮೇಲೆ ನಾವೆಲ್ಲ ಈಗ ಕೂತಿದ್ದೇವೆ ಎಂದೆ. ಆ ಉಣ್ಣೆಯ ಹಾಸಿನ ಮೇಲೇ ಈ ಮಗು ಇವತ್ತು ಮಲಗುತ್ತದೆ, ನಾಳೆ ನಡೆಯುತ್ತದೆ ಎಂದೆ. ತಾತನಿಗೆ ಕೋರಿದ ನೂರು ವರ್ಷ ಹಾಗೇ ಉಳಿದಿದೆ, ಅದನ್ನು ಈ ಮಗುವಿಗೆ ಕೊಟ್ಟುಬಿಡೋಣ ಎಂದೆ. ಬಾತ್ಮಾ ಅಜ್ಜಿ ಮೊದಲು ಎದ್ದು ನಿಂತರು. ಎಲ್ಲರೂ ಎದ್ದರು.

"ಹಿಂದಿನ ಮೇಜಿನವರೂ ಏಳ್ಬೇಕು" ಎಂದೆ. "ಆಯುಷ್ಯ ಯಾರಿಗೆ ಅಂತ ಕೇಳಿದೋರು ಅವರೇ. ಮಿಕ್ಕಿದ್ರೆ ಅವರಿಗೂ ಕೊಡೋಣ."

ಆಗ ಬಂದ ನಗು ಒಳ್ಳೆಯ ನಗು. ಮೀಸೆಯವನೂ ನಕ್ಕ, ಕಿವಿ ಕೆಂಪಾಗಿತ್ತು. ಮೈಕನ್ನು ನುರ್ದೀನನಿಗೆ ಕೊಟ್ಟು ಹೋಗಿ ಕುಳಿತೆ. ಮಾಂಸ ಹಂಚುವಾಗ ಗೌರವದ ಅತಿಥಿಗೆಂದು ಇಡುವ ದೊಡ್ಡ ಮೂಳೆ ನನ್ನ ಮುಂದೆ ಬಂತು. ಮೀಸೆಯವನಿಗೆ ಒಳ್ಳೆಯ ತುಂಡು ಸಿಕ್ಕಿರಲಿಲ್ಲ, ಅರ್ಧ ಅವನಿಗೆ ದಾಟಿಸಿದೆ. ಬುರುಲ್ ದಾರಿಯುದ್ದಕ್ಕೂ ಆ ಮೂಳೆಯ ಬಗ್ಗೆ ಬೈದಳು, ನನ್ನ ತೋಳು ಹಿಡಿದುಕೊಂಡೇ.

ಜೂನ್ ೫

ಮೂರು ದಿನದಿಂದ ಬರೆಯಬೇಕೆಂದರೂ ಆಗುತ್ತಿಲ್ಲ, ಜನ ಬಂದು ಕೂರುತ್ತಾರೆ. ಇವತ್ತು ನುರ್ದೀನ್ ಬಂದ, ಕೈಯಲ್ಲಿ ಚೀಲ. ಬಾತ್ಮಾ ಅಜ್ಜಿ ಕಳಿಸಿದ ಉಡುಗೊರೆ ಎಂದು ಚೀಲದಿಂದ ಒಂದು ಬಿಳಿ ಕೋಳಿಯನ್ನು ತೆಗೆದು, ನಾನು ತಡೆಯುವ ಮೊದಲೇ ಅಂಗಳದ ನಡುವೆ ಇಳಿಸಿಬಿಟ್ಟ.

ನನ್ನ ಹೆಂಗಸರೆಲ್ಲ ಕತ್ತು ಚಾಚಿ ಬಂದರು. ಎಲ್ಲರಿಗಿಂತ ಮುಂದೆ, ಗರಿ ಕೆದರಿಕೊಂಡು, ಅರ್ಧ ಬೆಳೆದ ಬಾಲವನ್ನು ನಿಮಿರಿಸಿಕೊಂಡು ನಿಂತವಳು ಮೋಟಿ.

ಬಿಳಿ ಕೋಳಿ ನುರ್ದೀನನ ಕಾಲ ಹಿಂದೆ ಅಡಗಿತು.

"ಬಾಯ್ಕೆ, ಇವಕ್ಕೆ ಏನಾದ್ರೂ ಹೇಳಿ. ನಿಮ್ಮ ಮಾತು ಕೇಳ್ತವೆ."

"ನೀನೇ ಹೇಳು. ಅತಿಥಿನ ಕರ್ಕೊಂಡು ಬಂದೋನು ನೀನು."

ನುರ್ದೀನ್ ಗಂಟಲು ಸರಿಮಾಡಿಕೊಂಡ. ಟೋಪಿ ತೆಗೆದು ಎದೆಗೆ ಹಿಡಿದ. ಗೌರವಾನ್ವಿತ ಬೀಗಿತಿಯರೇ ಎಂದು ಶುರುಮಾಡಿದ. ದೂರದ ತೊಸೋರಿನಿಂದ ನಿಮ್ಮ ಮನೆಯ ಹೊಸ್ತಿಲಿಗೆ ಬಂದ ಈ ಹೆಣ್ಣುಮಗಳನ್ನು ಎಂದು ಮುಂದುವರಿಸಿದ. ಬುರುಲ್ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು, ರಾಯ್ಕಾನ್ ಆಪಾ ಗೋಡೆಯ ಮೇಲೆ ತಲೆ ಎತ್ತಿದಳು. ನಾನು ಜಾಗ ಮಾಡಿಕೊಂಡು ಕೂತು ಪೂರ್ತಿ ಕೇಳಿದೆ.

ಚೆನ್ನಾಗಿ ಹೇಳಿದ. ನನಗಿಂತ ಚೆನ್ನಾಗಿ. ಕೋಳಿಗಳು ಮಾತ್ರ ಒಂದಕ್ಷರವನ್ನೂ ಕೇಳಲಿಲ್ಲ.